ಅವ್ವನ ನೋಟ್‌ಬುಕ್ಕು, ನನ್ನ ಇ-ರೀಡರ್

ರಾಯಚೂರು, ಮೇ 11, 2025, ಭಾನುವಾರ

ಪುಸ್ತಕ ಓದಲೆಂದೇ ಇರುವ ಸಾಧನ, ಇ-ರೀಡರ್ ತಗೊಂಡು ಎರಡು ತಿಂಗಳಾಯಿತು. ಫೋನ್ ಇರುವಾಗ ಇದು ಯಾಕೆ ಅಂತ ಎಲ್ಲರೂ ಕೇಳಿದ್ದರು. ನನಗೂ ಅನುಮಾನ ಇತ್ತು.

ಮೊದಲ ತಿಂಗಳು ಬೇಜಾರೇ ಆಯಿತು. ಅಂತರ್ಜಾಲದಿಂದ ಹಳೆಯ ಕನ್ನಡ ಪುಸ್ತಕಗಳನ್ನು ಇಳಿಸಿಕೊಂಡೆ. ಎಲ್ಲವೂ ಸ್ಕ್ಯಾನ್ ಮಾಡಿದ ಪಿಡಿಎಫ್, ಅಂದರೆ ಬರೀ ಪುಟದ ಫೋಟೊ. ಆರು ಇಂಚಿನ ಪರದೆಯಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟು. ದೊಡ್ಡದು ಮಾಡಿದರೆ ಅರ್ಧ ಸಾಲು ಹೊರಗೆ. ಫೋಟೊದಲ್ಲಿನ ಸಾಲು ತಾನಾಗಿ ಮುರಿದು ಕೆಳಗೆ ಇಳಿಯುವುದಿಲ್ಲ, ಅಲ್ವಾ? ಕನ್ನಡಕ್ಕೆ ಈ ಕಷ್ಟ ಜಾಸ್ತಿ. ಅಕ್ಷರ ಚಿಕ್ಕದಾದರೆ ಮೊದಲು ಮಾಯವಾಗುವುದು ಒತ್ತಕ್ಷರ.

ಮಾರಿಬಿಡೋಣ ಅಂದುಕೊಂಡಾಗ ಅವ್ವನ ನೋಟ್‌ಬುಕ್ಕು ನೆನಪಾಯಿತು.

ಅವ್ವನ ತವರು ಮಾನ್ವಿ, ಜಗನ್ನಾಥದಾಸರ ಊರು. ಮದುವೆಯಾದ ಹೊಸದರಿಂದ ದಾಸರ ಪದಗಳನ್ನು ಬರೆದಿಟ್ಟಿದ್ದಾಳೆ. ಈಗ ಶಾಯಿ ಮಾಸಿದೆ. ಅವಳು ಬರೆದದ್ದು ಅವಳಿಗೇ ಕಾಣುವುದಿಲ್ಲ. ಫೋನಿನಲ್ಲಿ ತೋರಿಸಿದರೆ ಐದು ನಿಮಿಷಕ್ಕೆ ಕಣ್ಣಲ್ಲಿ ನೀರು.

ಹಾಗಾಗಿ ದಿನಾ ರಾತ್ರಿ ಕೂತು ಟೈಪ್ ಮಾಡತೊಡಗಿದೆ. ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತ, ಯೂನಿಕೋಡ್‌ನಲ್ಲೇ ಮಾಡಿದೆ. ಕಂಪ್ಯೂಟರಿನ ಹಳೆಯ ‘ನುಡಿ’ ಫಾಂಟಿನಲ್ಲಿದ್ದ ಎರಡು ಪದಗಳನ್ನು ಹಾಗೇ ಹಾಕಿದ್ದಕ್ಕೆ ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಗೋಜಲು ಬಂದಿತ್ತು. ಕ್ಯಾಲಿಬರ್ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಇಪಬ್ ಅನ್ನುವ ಬಗೆಯ ಇ-ಪುಸ್ತಕ ಮಾಡಿ ರೀಡರ್‌ಗೆ ಹಾಕಿದೆ. ಇಪಬ್‌ನಲ್ಲಿ ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಸಾಲು ಪರದೆಯೊಳಗೇ ಮಡಚಿಕೊಳ್ಳುತ್ತದೆ. ಸಾಲುಗಳ ನಡುವೆ ಜಾಗ ಹೆಚ್ಚಿಸಿದೆ, ಒತ್ತು ಕೆಳಗಿನ ಸಾಲಿಗೆ ತಾಗಬಾರದಲ್ಲ.

ಬೆಳಿಗ್ಗೆ ಆರಕ್ಕೆ ಮಾಳಿಗೆ ಮೇಲೆ ಅವಳ ಕೈಗೆ ಕೊಟ್ಟೆ. ಬಿಸಿಲು ಏರಿದಂತೆ ಫೋನಿನ ಪರದೆ ಕಪ್ಪಾಗುತ್ತದೆ, ಇದು ಕಾಗದದಂತೆ ಇನ್ನೂ ನಿಚ್ಚಳವಾಯಿತು. ಒಳಗೆ ಸಣ್ಣ ಸಣ್ಣ ಗುಳಿಗೆಗಳಲ್ಲಿ ಕಪ್ಪು ಬಿಳಿ ಕಣಗಳಿರುತ್ತವೆ. ವಿದ್ಯುತ್ ತಾಗಿದಾಗ ಅವು ಮೇಲೆ ಕೆಳಗೆ ಸರಿದು ಅಕ್ಷರವಾಗುತ್ತವೆ. ಆಮೇಲೆ ಪುಟ ತಿರುಗಿಸುವವರೆಗೂ ಆ ಅಕ್ಷರ ನಿಲ್ಲಲು ವಿದ್ಯುತ್ ಬೇಕಿಲ್ಲ. ಅದಕ್ಕೇ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ.

"ಒತ್ತೂ ಚಂದ ಕಾಣ್ತಾವಲ್ಲೋ!" ಅಂದಳು ಅವ್ವ. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಒಂದಾದ ಮೇಲೊಂದು ಪದ ಹಾಡುತ್ತ ಹೋದಳು.

ಮಧ್ಯಾಹ್ನ ಮಾತ್ರ ರೀಡರನ್ನು ಹೊರಗೆ ಬಿಡುವುದಿಲ್ಲ. ಇದರ ಜೊತೆ ಬಂದ ಹಾಳೆಯಲ್ಲಿ 35 ಡಿಗ್ರಿವರೆಗೆ ಅಂತಿದೆ. ನಮ್ಮ ರಾಯಚೂರಿನ ಮೇ ತಿಂಗಳು ಸುಮ್ನೆ 40 ದಾಟುತ್ತದೆ. ಕೂಲರ್ ಇರುವ ಕೋಣೆಯಲ್ಲೇ ಇಡುತ್ತೇವೆ.

ಕೊಳ್ಳಬೇಕಾ ಅಂತ ಕೇಳುವವರಿಗೆ ನನ್ನ ಮಾತು ಇಷ್ಟೇ. ಬರೀ ಸ್ಕ್ಯಾನ್ ಪುಸ್ತಕ ಓದುವವರು ದೊಡ್ಡ ಪರದೆಯ ಟ್ಯಾಬ್ ತಗೊಳ್ಳಿ. ಓದುವ ಪುಸ್ತಕ ಇಪಬ್‌ನಲ್ಲಿ ಸಿಗುವುದಾದರೆ, ಇಲ್ಲವೇ ಟೈಪ್ ಮಾಡುವಷ್ಟು ಪ್ರೀತಿ ಇದ್ದರೆ, ಇದಕ್ಕೆ ಹಾಕಿದ ದುಡ್ಡು ದಂಡವಲ್ಲ. ನಾನಂತೂ ಮಾರುವುದಿಲ್ಲ.

ರಾತ್ರಿ ಟೈಪ್ ಮಾಡುತ್ತ 41ನೇ ಪದದಲ್ಲಿ ನಿಂತೆ. ಆ ಪುಟಕ್ಕೆ ನೀರು ಬಿದ್ದು ಎರಡು ಸಾಲು ಅಳಿಸಿವೆ. ಅವ್ವನನ್ನು ಕರೆದೆ. ಕಣ್ಣು ಮುಚ್ಚಿ ಮೊದಲಿಂದ ಹಾಡಿದಳು. ಆ ಎರಡು ಸಾಲು ಬಂದಾಗ ನಿಲ್ಲಿಸಿ, "ಬರಕೋ" ಅಂದಳು.