ಬುಟ್ಟಿ ತುಂಬದ ವಾರ

ಬಾವಲಿ ಚೀಪಿ ಎಸೆದ ಅಡಿಕೆಯನ್ನು ಹೆಕ್ಕಲು ನಮ್ಮ ತೋಟಕ್ಕೆ ಬರುವ ಹೆಂಗಸೊಬ್ಬರು ಈ ವಾರ ಹೇಳಿದ ಮಾತು ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ. ಗಡಿಯಲ್ಲಿರುವ ಗೋಳಿಮರವನ್ನು ಕಡಿಸುವ ಪ್ರಸ್ತಾಪ ಹಿಡಿದು ಪಕ್ಕದ ತೋಟದ ಭಾವ ಬಂದಿದ್ದರು. "ಈ ಮರ ಒಂದಿಲ್ಲದಿದ್ದರೆ ಬಾವಲಿಗಳು ಇತ್ತ ತಲೆ ಹಾಕುವುದಿಲ್ಲ ಭಾವ" ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ, ಬಗ್ಗಿ ಹೆಕ್ಕುತ್ತಿದ್ದ ಆಕೆ ತಲೆಯೆತ್ತದೆ, "ಗೋಳಿ ಹಣ್ಣಾದ ವಾರ ನನಗೆ ಬುಟ್ಟಿ ತುಂಬುವುದಿಲ್ಲ ಧಣಿಗಳೇ" ಎಂದರು. ಭಾವ ಕೇಳಿಸಿಕೊಳ್ಳದವರಂತೆ ಇದ್ದುಬಿಟ್ಟರು. ಒಳ್ಳೆಯ ಮನುಷ್ಯರೇ, ಆದರೆ ಕೆಲಸದವರ ಮಾತು ಅವರ ಕಿವಿಗೆ ಬೀಳುವುದು ನಿಧಾನ.

ಬುಟ್ಟಿಯಿಂದ ಒಂದು ಅಡಿಕೆ ತೆಗೆದು ನೋಡಿದೆ. ಹಣ್ಣಾದ ಸಿಪ್ಪೆಯ ರಸವೆಲ್ಲ ಹೋಗಿ ನಾರು ಮುದುಕನ ಗಡ್ಡದಂತೆ ಕೆದರಿಕೊಂಡಿತ್ತು. ಒಳಗಿನ ಅಡಿಕೆಗೆ ಏನೂ ಆಗಿರಲಿಲ್ಲ. ಗಿಡ್ಡ ಮೂತಿಯ ಈ ಹಣ್ಣುಬಾವಲಿ ತೂಗಿದರೆ ಸುಮಾರು 50 ಗ್ರಾಂ. ಅದು ಸಾಮಾನ್ಯವಾಗಿ ಹಣ್ಣನ್ನು ಗೊನೆಯಲ್ಲೇ ಕುಳಿತು ತಿನ್ನದೆ, ಕಚ್ಚಿಕೊಂಡು ಮರೆಯಿರುವ ಇನ್ನೊಂದು ಕೊಂಬೆಗೆ ಒಯ್ದು, ಅಗಿದು, ಅಂಗುಳಕ್ಕೆ ಒತ್ತಿ ರಸವನ್ನಷ್ಟೇ ನುಂಗಿ ಚರಟವನ್ನು ಉಗುಳುತ್ತದೆ. ಆದ್ದರಿಂದಲೇ ಆಕೆ ಅಡಿಕೆ ಮರಗಳ ಬುಡವನ್ನು ಬಿಟ್ಟು ನೇರವಾಗಿ ಹಳೆಯ ಮಾವಿನ ಮರದ ಕೆಳಗೆ ಹೋಗುತ್ತಾರೆ.

ಗೋಳಿ ಹಣ್ಣಾದ ವಾರ ಬುಟ್ಟಿ ತುಂಬುವುದಿಲ್ಲ. ಮೆತ್ತಗಿನ ಹಣ್ಣು ಮರದ ತುಂಬ ಇರುವಾಗ ಇಷ್ಟೊಂದು ನಾರನ್ನು ಅಗಿಯುವ ಶ್ರಮ ಯಾರಿಗೆ ಬೇಕು? ಗೇರು, ಮಾವುಗಳಿಗೆ ಬೇಸಿಗೆಯವರೆಗೆ ಕಾಯಬೇಕು, ನೇರಳೆಗೆ ಮಳೆಗಾಲದ ಬಾಗಿಲವರೆಗೆ. ಬಾವಲಿಯಾದರೋ ಪ್ರತಿ ರಾತ್ರಿ ಉಣ್ಣಲೇಬೇಕಾದ ಜೀವ. ಈ ನಡುವಿನ ತಿಂಗಳುಗಳನ್ನು ದಾಟಿಸುವವು ಗೋಳಿ, ಅತ್ತಿ, ಬಸರಿ, ಅಶ್ವತ್ಥಗಳು. ಇವುಗಳ ಪರಾಗಸ್ಪರ್ಶ ಮಾಡುವ ಪುಟ್ಟ ಕಣಜಗಳಿಗೆ ಒಂದೆರಡು ದಿನಗಳ ಆಯುಸ್ಸು. ಒಂದು ಮರದಿಂದ ಹೊರಟ ಕಣಜಕ್ಕೆ ಅಷ್ಟರೊಳಗೆ ಅದೇ ಜಾತಿಯ ಎಳೆಗಾಯಿ ಕಟ್ಟಿದ ಇನ್ನೊಂದು ಮರ ಸಿಗಬೇಕಾದ್ದರಿಂದ, ಊರಿನ ಮರಗಳೆಲ್ಲ ಒಟ್ಟಿಗೆ ಹಣ್ಣಾಗದೆ ಸರದಿಯಂತೆ ಹಣ್ಣಾಗುತ್ತವೆ. ಸರದಿಯಲ್ಲಿ ಒಂದು ಮರ ತಪ್ಪಿದರೆ ಆ ದಿನಗಳ ಹಸಿವು ನೇರವಾಗಿ ನಮ್ಮ ಗೊನೆಗಳಿಗೆ ಬರುತ್ತದೆ.

ಭಾವನ ನಿಜವಾದ ಭಯ ಅಡಿಕೆಯದ್ದಲ್ಲ, 2018ರಲ್ಲಿ ಕೋಯಿಕ್ಕೋಡಿನಲ್ಲಿ ಕಾಣಿಸಿಕೊಂಡ ನಿಪಾ ರೋಗದ್ದು. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದೆಂಬ ಎಚ್ಚರಿಕೆ ಸರಿಯಾದದ್ದೇ. ಆದರೆ ಮರ ಕಡಿದರೆ ರೋಗ ದೂರವಾಗುತ್ತದೆಯೇ? ಆಸ್ಟ್ರೇಲಿಯಾದಲ್ಲಿ ದೊಡ್ಡ ಹಣ್ಣುಬಾವಲಿಗಳಿಂದ ಕುದುರೆಗಳಿಗೆ ಹೆಂಡ್ರಾ ಎಂಬ, ನಿಪಾದ ಸೋದರ ಸಂಬಂಧಿಯಾದ ವೈರಸ್ ತಗಲುವುದನ್ನು 1996ರಿಂದ 2020ರವರೆಗಿನ ಮಾಹಿತಿಯೊಂದಿಗೆ ಪರಿಶೀಲಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಚಳಿಗಾಲದಲ್ಲಿ ಹೂ ಬಿಡುವ ಕಾಡು ನಾಶವಾಗಿ ಆಹಾರದ ಅಭಾವ ಬಂದಾಗ ಬಾವಲಿಗಳು ಪೇಟೆ ಮತ್ತು ಕೃಷಿಭೂಮಿಗಳ ಅಂಚಿಗೆ ಬಂದು ನೆಲೆಸಿದವು, ರೋಗ ದಾಟಿದ್ದೂ ಅಂತಹ ಕಡೆಗಳಲ್ಲೇ. ಉಳಿದ ಕಾಡು ಚಳಿಗಾಲದಲ್ಲಿ ಸಮೃದ್ಧವಾಗಿ ಹೂಬಿಟ್ಟ ವರ್ಷಗಳಲ್ಲಿ ಅವು ಅಲ್ಲಿಗೆ ಹಿಂದಿರುಗಿದವು, ಆಗ ಕುದುರೆಗಳಿಗೆ ರೋಗ ದಾಟಲಿಲ್ಲ. ಇಪ್ಪತ್ತೈದು ವರ್ಷಗಳ ಆ ಲೆಕ್ಕವನ್ನು ಓದುವಾಗ ನನಗೆ ಕೇಳಿಸಿದ್ದು ಅದೇ ದನಿ: ಗೋಳಿ ಹಣ್ಣಾದ ವಾರ ನನಗೆ ಬುಟ್ಟಿ ತುಂಬುವುದಿಲ್ಲ ಧಣಿಗಳೇ. ಜಾತಿ ಬೇರೆ, ದೇಶ ಬೇರೆ, ಹಸಿದ ಪ್ರಾಣಿಯ ದಾರಿ ಮಾತ್ರ ಅದೇ. ತಾನು ಹೆಕ್ಕಿದ ಅಡಿಕೆಯನ್ನಷ್ಟೇ ನೋಡಿಕೊಂಡು ಆಕೆ ಅದನ್ನು ಕಂಡುಕೊಂಡಿದ್ದರು ಎಂಬುದು ನನಗೆ ಸಂತೋಷವನ್ನೂ, ಇಷ್ಟು ವರ್ಷ ಯಾರೂ ಆಕೆಯನ್ನು ಕೇಳಲಿಲ್ಲ ಎಂಬುದು ಸಂಕೋಚವನ್ನೂ ತಂದಿತು.

1972ರ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಭಾವನ ಮನಸ್ಸಿನ ಪಟ್ಟಿಗೆ ಇನ್ನೂ ತಿದ್ದುಪಡಿ ಆಗಿಲ್ಲ. ಮರದ ಬುಡ ಗಡಿಯಿಂದ ನನ್ನ ಕಡೆಗಿದೆ ಎಂಬುದೇ ಸದ್ಯಕ್ಕೆ ನನ್ನ ಗಟ್ಟಿ ವಾದ. ಆಸ್ಟ್ರೇಲಿಯಾದ ಕಥೆಗೆ ಅವರು ಹೂಂಗುಟ್ಟಲೂ ಇಲ್ಲ. "ಗೋಳಿ ಇಲ್ಲದ ಚಳಿಗಾಲದಲ್ಲಿ ನಿಮ್ಮ ಹಣ್ಣಡಿಕೆ ಎಷ್ಟು ಹೋಗಬಹುದು ಭಾವ?" ಎಂದು ಕೇಳಿದಾಗ ಮಾತ್ರ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, "ಅವಳನ್ನೇ ಒಮ್ಮೆ ಕೇಳುವ" ಎಂದರು.