ಅವರೆಕಾಳು ಹಿತುಕುತ್ತಾ ಕೂತಾಗ

ಅವರೆಕಾಯಿ ಕಾಲದಲ್ಲಿ ನಮ್ಮ ತವರುಮನೆಗೆ ಹೋದರೆ ಯಾರೂ ಮೊದಲು ಕಾಫಿ ಬೇಕಾ ಅಂತ ಕೇಳೋದಿಲ್ಲ. "ಕೈ ತೊಳ್ಕೊಂಡು ಬಾ, ಕೂತ್ಕೋ" ಅಂತಾರೆ. ಸಂಕ್ರಾಂತಿಗೆ ಮುಂಚಿನ ಭಾನುವಾರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ನಮ್ಮೂರಿಗೆ ಹೋದಾಗಲೂ ಹಾಗೇ ಆಯಿತು. ಪಡಸಾಲೆಯಲ್ಲಿ ದೊಡ್ಡ ಬೋಸಿಯ ತುಂಬ ಕಾಳು. ರಾತ್ರಿಯೇ ನೆನೆ ಹಾಕಿದ್ದರು. ಸುತ್ತ ದೊಡ್ಡಮ್ಮ, ಅಮ್ಮ, ಅತ್ತಿಗೆ ಕೂತಿದ್ದರು.

ಹಿತುಕೋದು ನೋಡಕ್ಕೆ ಸುಲಭ. ಹೆಬ್ಬೆರಳು, ತೋರುಬೆರಳ ಮಧ್ಯೆ ಕಾಳು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕಂತ ಹಾರಿ ಬೀಳುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಬೆರಳ ತುದಿ ಸುಕ್ಕಾಗುತ್ತದೆ. ಇನ್ನೂ ಸ್ವಲ್ಪ ಹೊತ್ತಾದರೆ ಸೊಂಟ ಹಿಡಿಯುತ್ತದೆ. ಕಾಯಿ ಸುಲಿಯೋದು, ಹುಳ ಇರೋದನ್ನ ಆರಿಸಿ ತೆಗೆಯೋದು, ನೆನೆಸೋದು, ಆಮೇಲೆ ಈ ಹಿತುಕೋದು. ಒಂದು ಹೊತ್ತಿನ ಸಾರಿಗೆ ಇಷ್ಟು ಜನರ ಅರ್ಧ ದಿನ. ಊಟಕ್ಕೆ ಕೂತವರು "ಚೆನ್ನಾಗಿದೆ" ಅಂತ ಹೇಳಿ ಎದ್ದುಬಿಡುತ್ತಾರೆ. ಈ ಕೈಕೆಲಸದ ಲೆಕ್ಕ ಯಾರ ತಲೆಯಲ್ಲೂ ಇರೋದಿಲ್ಲ. ನನಗೆ ಇದು ತುಂಬಾ ದಿನದಿಂದ ಮನಸ್ಸಿನಲ್ಲಿದೆ.

ಅಂದಿನ ಕಾಳು ನಮ್ಮ ಹೊಲದ್ದೇ. ರಾಗಿ ಮಧ್ಯೆ ಅಕ್ಕಡಿ ಸಾಲಲ್ಲಿ ಹಾಕಿದ್ದು. ರಾಗಿ ಕೊಯ್ದ ಮೇಲೆ ಚಳಿಗೆ ಹೂ ಬಿಟ್ಟು, ಇಬ್ಬನಿ ಕುಡಿದು ಬೆಳೆದ ಕಾಯಿ. ಮುಟ್ಟಿದರೆ ಕೈಗೆ ಜಿಡ್ಡು ಅಂಟುತ್ತದೆ, ಆ ಸೊಗಡು ಸೋಪು ಹಾಕಿ ತೊಳೆದರೂ ಹೋಗೋದಿಲ್ಲ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಕೊಟ್ಟ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಆ ಕಟ್ಟುಪಾಡಿಲ್ಲ, ವರ್ಷದಲ್ಲಿ ಯಾವಾಗ ಬಿತ್ತಿದರೂ ಕಾಯಿ ಬಿಡುತ್ತವೆ. ರೈತನಿಗೆ ಅದರಿಂದ ಅನುಕೂಲ ಇದೆ, ಬೇಡ ಅನ್ನೋದಿಲ್ಲ. ಆದರೆ ಬೇಸಿಗೆಯಲ್ಲಿ ಆ ಕಾಳಿನ ಸಾರು ತಿಂದಾಗ ನನಗೆ ಸೊಗಡು ಸಿಗಲಿಲ್ಲ. ಅವರೆಯನ್ನ ಅದರ ಕಾಲದಲ್ಲೇ ತಿನ್ನಬೇಕು ಅನ್ನೋಳು ನಾನು. ಇನ್ನೊಂದು, ಹಿತುಕಿದ ಬೇಳೆಯನ್ನ ಕುಕ್ಕರ್‌ಗೆ ಹಾಕಬಾರದು. ಕರಗಿ ಗೊಜ್ಜಾಗುತ್ತದೆ. ಅತ್ತಿಗೆ ಇದನ್ನ ಒಪ್ಪೋದಿಲ್ಲ, ಒಂದೇ ವಿಷಲ್ ಸಾಕು ಅಂತಾಳೆ. ಅವಳಿಗೆ ಬೆಳಗ್ಗೆ ಎದ್ದರೆ ಹಸು, ಮಕ್ಕಳ ಸ್ಕೂಲು, ಎಲ್ಲಾ ಇರುತ್ತೆ, ಅವಳ ಮಾತಲ್ಲೂ ನ್ಯಾಯ ಇದೆ.

ಕೈಗೆ ಕೆಲಸ ಇದ್ದಾಗ ಬಾಯಿ ಸುಮ್ನೆ ಇರೋದಿಲ್ಲ ಅಲ್ವಾ. ಮಾತು ಮನೆಯೊಡತಿಯ ಖಾತೆಗೆ ಸರ್ಕಾರ ಹಾಕೋ ಗೃಹಲಕ್ಷ್ಮಿ ಹಣಕ್ಕೆ ಬಂತು. ಅಣ್ಣ ಬಾಗಿಲಲ್ಲಿ ನಿಂತು "ಪುಕ್ಕಟೆ ಕೊಟ್ಟು ಕೊಟ್ಟು ಜನರನ್ನ ಸೋಮಾರಿ ಮಾಡ್ತಾವ್ರೆ" ಅಂದ. ದೊಡ್ಡಮ್ಮ ತಲೆ ಎತ್ತದೆ ಕಾಳು ಒತ್ತುತ್ತಲೇ ಹೇಳಿದರು: "ನಲವತ್ತು ವರ್ಷ ಈ ಮನೇಲಿ ದುಡಿದಿದೀನಿ ಕಣಪ್ಪ. ನನ್ನ ಹೆಸರಿಗೆ ಅಂತ ದುಡ್ಡು ಬಂದಿದ್ದು ಅದೇ ಮೊದಲು." ಅಣ್ಣನ ಬಾಯಿ ಕಟ್ಟಿತು. ಈ ಯೋಜನೆ 2023ರ ಆಗಸ್ಟ್ ಕೊನೆಗೆ ಶುರುವಾದಾಗಿನಿಂದ ಟಿವಿಯಲ್ಲಿ ಎಷ್ಟೋ ಚರ್ಚೆ ಕೇಳಿದೀನಿ, ತಿಂಗಳಿಗೆ 2,000 ರೂಪಾಯಿ ಸರ್ಕಾರದ ಮೇಲೆ ಎಷ್ಟು ಹೊರೆ ಅಂತ. ಹೊರೆ ಇರಬಹುದು. ದೊಡ್ಡಮ್ಮನ ಕೈ ನೋಡಿದ ಮೇಲೆ ಅದನ್ನ ಪುಕ್ಕಟೆ ಅನ್ನಲು ನನಗೆ ಬಾಯಿ ಬರೋದಿಲ್ಲ.

ಆಮೇಲೆ "ಅಣ್ಣಾ, ನಿಂತ್ಕೊಂಡು ಮಾತಾಡೋ ಬದಲು ಕೂತ್ಕೊಂಡು ಹಿತುಕು" ಅಂದೆ. ಬೇಸರ ಮಾಡಿಕೊಳ್ಳಲಿಲ್ಲ, ಪಂಚೆ ಎತ್ತಿಕಟ್ಟಿ ಕೂತ. ಚಿಕ್ಕಪ್ಪನೂ ಬಂದರು. ಗಂಡಸರು ಹೊಲದಲ್ಲಿ ಬೆವರು ಸುರಿಸುತ್ತಾರೆ, ನಿಜ. ಈ ಮನೆಯ ಹೆಂಗಸರೂ ಹೊಲಕ್ಕೆ ಹೋಗುತ್ತಾರೆ, ಬಂದ ಮೇಲೆ ಒಲೆ ಮುಂದೆಯೂ ಅವರೇ ಕೂರಬೇಕು. ವರ್ಷಕ್ಕೊಮ್ಮೆ ಬರೋ ಅವರೆಕಾಳಿಗಾದರೂ ಎಲ್ಲರ ಕೈ ಸೇರಲಿ.

ಚಿಕ್ಕಪ್ಪ ಬಂದರೆ ಮಾವಿನ ಮಾತು ಬರಲೇಬೇಕು. ಶ್ರೀನಿವಾಸಪುರ ಅಂದರೆ ಮಾವು. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ನೆಲ ಕಚ್ಚಿತ್ತು. ನಮ್ಮ ಕಡೆಯ ತೋತಾಪುರಿ ಹೆಚ್ಚಾಗಿ ಹೋಗೋದು ಗಡಿಯಾಚೆ, ಚಿತ್ತೂರು ಜಿಲ್ಲೆಯ ತಿರುಳಿನ ಫ್ಯಾಕ್ಟರಿಗಳಿಗೆ. ಆ ಸಲ ಅಲ್ಲಿ ಹೊರ ರಾಜ್ಯದ ಕಾಯಿ ಬರಬಾರದು ಅಂತ ತಡೆದರು. ಆಂಧ್ರದಲ್ಲಿ ಅಲ್ಲಿನ ರೈತರಿಗೆ ಕೆಜಿಗೆ 12 ರೂಪಾಯಿ ಗೊತ್ತು ಮಾಡಿದ್ದರು, ಫ್ಯಾಕ್ಟರಿ ಕಡೆಯಿಂದ 8, ಸರ್ಕಾರದ ಕಡೆಯಿಂದ 4. ನಮ್ಮವರಿಗೆ ಕ್ವಿಂಟಲ್‌ಗೆ 1,616 ರೂಪಾಯಿ ಬೆಲೆ ಅಂತ ಇಟ್ಟು, ಮಾರ್ಕೆಟ್ ಬೆಲೆಗೂ ಅದಕ್ಕೂ ಇರೋ ವ್ಯತ್ಯಾಸಕ್ಕೆ ಹಣ ಕೊಡೋಕೆ ಕೇಂದ್ರ ಒಪ್ಪಿದ್ದು ಜುಲೈನಲ್ಲಿ. ಅಷ್ಟರಲ್ಲಿ ಚಿಕ್ಕಪ್ಪ ಅರ್ಧ ತೋಟದ ಕಾಯಿಯನ್ನ ಮರದಲ್ಲೇ ಬಿಟ್ಟಿದ್ದರು. "ಕೀಳೋ ಕೂಲಿ, ಗಾಡಿ ಬಾಡಿಗೆ ಕೊಟ್ರೆ ಕೈಯಿಂದ ಹಾಕ್ಬೇಕಾಗಿತ್ತಮ್ಮ" ಅಂದರು. ಗಡಿಯ ಆಚೆಯವರೂ ರೈತರೇ, ನಮ್ಮ ನೆಂಟರೇ. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ. ಇಷ್ಟು ಮಾವು ಬೆಳೆಯೋ ತಾಲ್ಲೂಕಿನ ರೈತ ಕಾಯಿ ಹೊತ್ತು ಪಕ್ಕದ ರಾಜ್ಯದ ಬಾಗಿಲಿಗೆ ಯಾಕೆ ಹೋಗಬೇಕು? ಇಲ್ಲೇ ಸಾಕಷ್ಟು ಫ್ಯಾಕ್ಟರಿ ಆಗಬೇಕು. ಇದನ್ನ ಎಲ್ಲಿ ಬೇಕಾದರೂ ಗಟ್ಟಿಯಾಗಿ ಹೇಳುತ್ತೀನಿ.

ನೀರಿನ ಮಾತೂ ಬಂದು ಹೋಯಿತು. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಬೋರ್‌ವೆಲ್‌ಗಳಿಗೆ ಜೀವ ಬಂತು ಅಂತ ಅಣ್ಣ. ಬೆಂಗಳೂರಿನ ಚರಂಡಿ ನೀರು, ಎರಡು ಸಲ ಶುದ್ಧ ಮಾಡಿದರೆ ಸಾಲದು, ಮೂರನೇ ಸಲವೂ ಮಾಡಲಿ ಅಂತ ಅಮ್ಮ. ನಾನು ಅಮ್ಮನ ಕಡೆ. ಎತ್ತಿನಹೊಳೆ ನೀರಿನ ಯೋಜನೆಯ ಮೊದಲ ಹಂತ 2024ರಲ್ಲಿ ಸಕಲೇಶಪುರದ ಹತ್ತಿರ ಶುರುವಾಯಿತಲ್ಲ, ಅದು ನಮ್ಮ ಕಡೆ ಬರೋ ದಾರಿಯನ್ನ ಎಲ್ಲರೂ ಕಾಯುತ್ತಿದ್ದಾರೆ.

ಮಧ್ಯಾಹ್ನ ಮುದ್ದೆ, ಹಿತುಕಿದ ಬೇಳೆ ಸಾರು. ಸಾರು ಪಾತ್ರೆಯಲ್ಲೇ ಬೆಂದಿತ್ತು, ಬೇಳೆ ಬೇಳೆಯಾಗಿಯೇ ಇತ್ತು. ಮುದ್ದೆ ಮುರಿದು ಅದ್ದುತ್ತಾ ಚಿಕ್ಕಪ್ಪ ಮರ ಕಡಿಸೋ ವಿಷಯ ತೆಗೆದರು. ತೋತಾಪುರಿ ತೆಗೆದು ಟೊಮೆಟೊ ಹಾಕೋಣ ಅಂತ ಅಣ್ಣ. ಟೊಮೆಟೊ ಬೆಲೆಯನ್ನ ನಂಬೋದಾದರೂ ಹೇಗೆ ಅಂತ ನಾನು. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸು 2,000 ದಾಟಿದ್ದನ್ನೂ ಕಂಡಿದ್ದೀವಿ, ರಸ್ತೆ ಪಕ್ಕ ಸುರಿದು ಹೋದ ದಿನಗಳನ್ನೂ ಕಂಡಿದ್ದೀವಿ. ಒಂದು ಮಾವಿನ ಮರ ಚೆನ್ನಾಗಿ ಫಲ ಕೊಡಕ್ಕೆ ಎಷ್ಟು ವರ್ಷ ಕಾಯಬೇಕು! ಇನ್ನೊಂದು ಫಸಲು ನೋಡಿ ಅಂತ ಚಿಕ್ಕಪ್ಪನ ಹತ್ತಿರ ಕೇಳಿಕೊಂಡೆ. "ಹೂವು ಹೇಗೆ ಕಟ್ತದೋ ನೋಡ್ತೀನಮ್ಮ, ಯುಗಾದಿಗೆ ಹೇಳ್ತೀನಿ" ಅಂದರು.