ಕೊಲೆ ಕಥೆ ಓದಿ ನೆಮ್ಮದಿಯಾಗಿ ಮಲಗೋ ನನ್ನ ಓದುಗರು

ನಾನು ಬರೆಯೋದು ಕೋಜಿ ಮಿಸ್ಟರಿ, ಅಂದ್ರೆ ಕೊಲೆ ಇರುತ್ತೆ ಆದ್ರೆ ರಕ್ತದ ವರ್ಣನೆ ಇರಲ್ಲ, ಪತ್ತೆ ಮಾಡೋದು ಪೊಲೀಸ್ ಅಲ್ಲ, ಪಕ್ಕದ ಮನೆಯವರಂಥ ಯಾರೋ ಒಬ್ರು. ಅಗಾಥಾ ಕ್ರಿಸ್ಟಿ 1930ರಲ್ಲಿ ಮಿಸ್ ಮಾರ್ಪಲ್‌ನ ಮೊದಲ ಸಲ ಕಾದಂಬರಿಗೆ ತಂದ್ರಲ್ಲ, ಹಳ್ಳೀಲಿ ಕೂತು ಎಲ್ಲರನ್ನೂ ಗಮನಿಸೋ ವಯಸ್ಸಾದ ಹೆಂಗಸು, ಆ ಜಾತಿ. ನನ್ನ ಪತ್ತೇದಾರಿಣಿ ಮಲ್ಲೇಶ್ವರದ ವಠಾರದ ರಿಟೈರ್ಡ್ ಟೀಚರ್, ಎಂಟನೇ ಕ್ರಾಸಲ್ಲಿ ಸೊಪ್ಪು ಆರಿಸ್ತಾ ಆರಿಸ್ತಾನೇ ಅರ್ಧ ಕೇಸ್ ಬಿಡಿಸಿಬಿಡ್ತಾರೆ.

ಕಳೆದ ತಿಂಗಳು ಗಾಂಧಿಬಜಾರಲ್ಲಿ ಒಬ್ರು ಅಜ್ಜಿ ನನ್ನ ಪುಸ್ತಕ ಮುಂದಿಟ್ಟು "ಸೈನ್ ಹಾಕಮ್ಮ" ಅಂದ್ರು. ತೆರೆದು ನೋಡಿದ್ರೆ ಮಾರ್ಜಿನ್ ತುಂಬಾ ಪೆನ್ಸಿಲ್ ಗುರುತು, ಅನುಮಾನ ಬಂದವರ ಹೆಸರಿಗೆಲ್ಲ ಅಡಿಗೆರೆ, ಒಂದು ಕಡೆ "ಹಾಲು ಯಾಕೆ ಒಡೀತು?" ಅಂತ ಬರ್ದು ಸುತ್ತು ಹಾಕಿದ್ರು. ನಾನು ಸುಳಿವು ಬಚ್ಚಿಟ್ಟಿದ್ದೇ ಆ ಹಾಲಲ್ಲಿ! ಎಷ್ಟು ಖುಷಿ ಆಯ್ತು ಅಂದ್ರೆ, ಅಲ್ಲೇ ಅವರ ಕೈ ಹಿಡ್ಕೊಂಡುಬಿಟ್ಟೆ. ಚಿಕ್ಕ ವಯಸ್ಸಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಪುಸ್ತಕ ಬಾಡಿಗೆಗೆ ತಂದು ಓದ್ತಿದ್ರಂತೆ. ಆ ಮಹಾನುಭಾವ 500ಕ್ಕೂ ಹೆಚ್ಚು ಕಾದಂಬರಿ ಬರೆದು ಎಷ್ಟೋ ಕನ್ನಡಿಗರಿಗೆ ಓದೋ ಹುಚ್ಚು ಹಿಡಿಸಿದವರು, ನಾವೆಲ್ಲ ಅವರ ಋಣದಲ್ಲೇ ಇದೀವಿ.

ಇಂಥ ಓದುಗರು ಇರೋವಾಗ ಮೋಸ ಮಾಡಕ್ಕಾಗಲ್ಲ, ಕೊನೇ ಪುಟದಲ್ಲಿ ಎಲ್ಲಿಂದಲೋ ಕೊಲೆಗಾರನ್ನ ಎಳ್ಕೊಂಡು ಬರೋ ಹಾಗಿಲ್ಲ, ಸುಳಿವೆಲ್ಲ ಅವರ ಕಣ್ಮುಂದೆನೇ ಇರ್ಬೇಕು ಅನ್ನೋದು ನನ್ನ ಹಠ.

ಈಗ ಬರೀತಿರೋದು ಬಸವನಗುಡಿ ಕಡಲೆಕಾಯಿ ಪರಿಷೆ ಟೈಮಲ್ಲಿ ನಡೆಯೋ ಕಥೆ. ಯಾರು ಸಾಯ್ತಾರೆ ಅಂತ ಮಾತ್ರ ಕೇಳ್ಬೇಡಿ, ಹೇಳಲ್ಲ.